ಕೊಂಡದ್ದನ್ನು ಉಳಿಸಿಕೊಳ್ಳುವುದು ಕಳ್ಳತನವೇ?

ಕಳೆದ ವರ್ಷ ನನ್ನ ಸಂಶೋಧನೆಯ ಪ್ರಗತಿ ವರದಿ ಮಂಡಿಸುವಾಗ ಸಮಿತಿಯಲ್ಲಿದ್ದ ಹಿರಿಯರೊಬ್ಬರು ತೀರಾ ಸರಳವಾದ ಪ್ರಶ್ನೆಯೊಂದನ್ನು ಕೇಳಿದರು. "ಈ ಕೃತಿ ಎಲ್ಲಿ ಸಿಗುತ್ತದೆ? ನಿಮ್ಮ ಪ್ರಬಂಧ ಓದುವ ಪರೀಕ್ಷಕರು ಇದನ್ನು ನೋಡಬೇಕು ಅಂದರೆ ಎಲ್ಲಿಗೆ ಹೋಗಬೇಕು?" ನಾನು, "ಈಗ ಎಲ್ಲೂ ಮಾರಾಟಕ್ಕಿಲ್ಲ ಸರ್. ನನ್ನ ಹತ್ತಿರ ಒಂದು ಪ್ರತಿ ಇದೆ" ಅಂದೆ. ಎರಡನೆಯ ವಾಕ್ಯಕ್ಕೆ ಬರುವ ಹೊತ್ತಿಗೆ ನನ್ನ ದನಿ ತಾನೇ ತಾನಾಗಿ ತಗ್ಗಿತ್ತು. ಪಕ್ಕದಲ್ಲಿ ಕೂತಿದ್ದ ಗೆಳತಿ ಆಮೇಲೆ ಕ್ಯಾಂಟೀನಿನಲ್ಲಿ, "ಯಾಕೆ ಹಾಗೆ ಕದ್ದವರ ಥರ ಹೇಳಿದೆ?" ಎಂದು ಕೇಳಿದಳು. ಈ ಬರಹ ಅವಳ ಪ್ರಶ್ನೆಗೆ ಉತ್ತರ. ಜೊತೆಗೆ, ಆ ದನಿ ತಗ್ಗಿಸಿದ ವ್ಯವಸ್ಥೆಯ ಮೇಲೆ ನನಗಿರುವ ತಕರಾರು.

ಕೃತಿ ಅಂದದ್ದು ಒಂದು ವಿಡಿಯೋ ಗೇಮನ್ನು. ಹೆಸರು 'ಅಟ್ಯಾಕ್ ಆಫ್ ದಿ ಫ್ರೈಡೇ ಮಾನ್‌ಸ್ಟರ್ಸ್! ಎ ಟೋಕಿಯೋ ಟೇಲ್'. ಜಪಾನಿನ ಕಾಜ್ ಅಯಾಬೆ ರೂಪಿಸಿದ್ದು. 2013ರಲ್ಲಿ ನಿಂಟೆಂಡೋ 3ಡಿಎಸ್ ಎಂಬ ಅಂಗೈಯಗಲದ ಕನ್ಸೋಲಿಗಾಗಿ ಬಂತು. 1971ರ ಟೋಕಿಯೋ ಹೊರವಲಯದ ಒಂದು ಪುಟ್ಟ ಊರು, ಅಲ್ಲಿಗೆ ಹೊಸದಾಗಿ ಬಂದ ಸೋಟಾ ಎಂಬ ಹುಡುಗ, ಒಂದು ಶುಕ್ರವಾರ. ಪ್ರತಿ ಶುಕ್ರವಾರ ಈ ಊರಿಗೆ ದೈತ್ಯಮೃಗಗಳು ಬರುತ್ತವೆ ಎಂದು ಮಕ್ಕಳು ನಂಬಿದ್ದಾರೆ. ಊರಲ್ಲೊಂದು ಟೀವಿ ಸ್ಟುಡಿಯೋ ಕೂಡ ಇದೆ. ಹಾಗಾದರೆ ಮೃಗಗಳು ನಿಜವೋ, ಟೀವಿಯ ಆಟವೋ? ಕಥೆ ಈ ಎರಡರ ನಡುವಿನ ಗೆರೆಯನ್ನು ಬೇಕೆಂದೇ ಮಸುಕಾಗಿ ಇಡುತ್ತದೆ. ಇಸ್ಪೀಟಿನಂಥ ಕಾರ್ಡಾಟದಲ್ಲಿ ಗೆದ್ದ ಹುಡುಗ ಸೋತವನ ಮೇಲೆ ಮಂತ್ರ ಹಾಕುತ್ತಾನೆ. ಸೋತವನು ನಿಯಮಕ್ಕೆ ತಲೆಬಾಗಿ ನೆಲಕ್ಕೆ ಬೀಳಬೇಕು. ನಮ್ಮ ಬೀದಿಗಳಲ್ಲಿ ಆಡಿ ಬೆಳೆದ ಯಾರಿಗೂ ಇದರ ಅರ್ಥ ಹೇಳಿಕೊಡಬೇಕಾಗಿಲ್ಲ. ಮೂರ್ನಾಲ್ಕು ಗಂಟೆಯಲ್ಲಿ ಮುಗಿಯುವ, ಒಂದು ಒಳ್ಳೆಯ ನೀಳ್ಗತೆಯಷ್ಟೇ ಉದ್ದದ ಆಟ. ಕಥನದಲ್ಲಿ ಮಗುವಿನ ದೃಷ್ಟಿಕೋನ ನನ್ನ ಸಂಶೋಧನೆಯ ವಿಷಯ. ಅದರಲ್ಲಿ ಒಂದು ಅಧ್ಯಾಯ ಪೂರ್ತಿ ಈ ಕೃತಿಯ ಮೇಲೆ ನಿಂತಿದೆ.

ಇದನ್ನು ನಾನು ಕದಿಯಲಿಲ್ಲ. ನಾನು ಪದವಿ ಓದುತ್ತಿದ್ದಾಗ ಅಮೆರಿಕದಲ್ಲಿರುವ ದೊಡ್ಡಮ್ಮನ ಮಗಳು ತನ್ನ ಹಳೆಯ ಕನ್ಸೋಲನ್ನು ನನಗೆ ಕೊಟ್ಟು, ಅಲ್ಲಿಯ ಪ್ರೀಪೇಯ್ಡ್ ಕಾರ್ಡೊಂದನ್ನೂ ಕೈಗಿಟ್ಟು ಹೋದಳು. ಅದರಲ್ಲಿ ಎಂಟು ಡಾಲರಿಗೆ ಒಂದು ಸೆಂಟ್ ಕಡಿಮೆ ಕೊಟ್ಟು ಇದನ್ನು ಕೊಂಡೆ. ಈ ಆಟಕ್ಕೆ ಡಬ್ಬಿಯಿಲ್ಲ, ಕಾರ್ಟ್ರಿಡ್ಜ್ ಇಲ್ಲ. ಅಂಗಡಿಯಿಂದ ನೇರ ಯಂತ್ರದೊಳಕ್ಕೆ ಇಳಿಯುವ ಕಡತವಷ್ಟೇ ಅದರ ದೇಹ. 2023ರ ಮಾರ್ಚ್ 27ರಂದು ಆ ಡಿಜಿಟಲ್ ಅಂಗಡಿ ಮುಚ್ಚಿತು. ಅಂದಿನಿಂದ ಈ ಕೃತಿಯನ್ನು ಹೊಸದಾಗಿ ಕೊಳ್ಳುವ ದಾರಿ ಜಗತ್ತಿನಲ್ಲಿ ಎಲ್ಲೂ ಇಲ್ಲ. ಕಾರ್ಟ್ರಿಡ್ಜ್ ಇದ್ದಿದ್ದರೆ ಹಳೆಯ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಹಾಗೆ ಯಾರದೋ ಅಟ್ಟದ ಮೇಲಾದರೂ ಸಿಗುತ್ತಿತ್ತು. ಇದಕ್ಕೆ ಆ ಭಾಗ್ಯವೂ ಇಲ್ಲ.

ಅಂಗಡಿ ಮುಚ್ಚುವ ಸುದ್ದಿ ಓದಿದ ವಾರ ನಾನೂ ಒಬ್ಬ ಗೆಳೆಯನೂ ಕೂತು ಅದರ ಪ್ರತಿ ಮಾಡಿದೆವು. ಹೀಗೆಂದರೇನು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೊಂಡ ಆಟ ಕನ್ಸೋಲಿನ ಎಸ್‌ಡಿ ಕಾರ್ಡಿನಲ್ಲಿ ಬೀಗ ಹಾಕಿದ ಸ್ಥಿತಿಯಲ್ಲಿರುತ್ತದೆ. ಬೀಗದ ಕೈ ಇರುವುದು ಆ ಒಂದು ಯಂತ್ರದೊಳಗೆ ಮಾತ್ರ. ಕಾರ್ಡನ್ನು ತೆಗೆದು ಅದೇ ಮಾದರಿಯ ಇನ್ನೊಂದು ಕನ್ಸೋಲಿಗೆ ಹಾಕಿದರೂ ಅದು ತೆರೆಯುವುದಿಲ್ಲ. ಅಂದರೆ ಯಂತ್ರ ಸತ್ತ ದಿನ ಕಾರ್ಡಿನಲ್ಲಿರುವ ಅಕ್ಷರಗಳೆಲ್ಲ ಕಸ. ಹಾಗಾಗಿ ಯಂತ್ರ ಬದುಕಿರುವಾಗಲೇ, ಅದೇ ಯಂತ್ರದ ಕೈಯಿಂದ ಬೀಗ ತೆಗೆಸಿ, ಆಟವನ್ನು ಸಾದಾ ಕಡತವಾಗಿ ಹೊರಗೆ ತೆಗೆದಿಡಬೇಕು. ನಾನು ಆಡಿ ಉಳಿಸಿದ ಹಂತಗಳ ದಾಖಲೆಯನ್ನು ಬೇರೆಯಾಗಿ ತೆಗೆಯಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಎಮ್ಯುಲೇಟರ್ ಎಂಬ ತಂತ್ರಾಂಶ ಹಾಕಿಕೊಂಡರೆ, ಅದು ಆ ಹಳೆಯ ಯಂತ್ರದ ಪ್ರೊಸೆಸರನ್ನೂ ಎರಡು ಪರದೆಗಳನ್ನೂ ಅನುಕರಿಸಿ ಆಟವನ್ನು ನಡೆಸುತ್ತದೆ. ಹಳೆಯ ಲಿಪಿ ಬಲ್ಲವರು ಓದಿ ಹೇಳಿದ ಹಾಗೆ.

ಮುಂದಿನ ವರ್ಷ ರಾತ್ರಿ ಬಸ್ಸಿನಲ್ಲಿ ಬ್ಯಾಗು ಇಳಿಸುವಾಗ ನನ್ನ ಕೈತಪ್ಪಿ ಕನ್ಸೋಲು ಬಿತ್ತು. ತಪ್ಪು ನನ್ನದೇ. ಕೀಲು ಮುರಿದು, ಕೀಲಿನೊಳಗೆ ಹಾಯುವ ತೆಳು ರಿಬ್ಬನ್ ತುಂಡಾಗಿ, ಮೇಲಿನ ಪರದೆ ಕಪ್ಪಾಯಿತು. ರಿಪೇರಿ ಮಾಡುವ ಹುಡುಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರ ಪಾರ್ಟು ಈಗ ಬರಲ್ಲ" ಅಂದ. ಸುಳ್ಳು ಹೇಳಲಿಲ್ಲ, ಈ ಕನ್ಸೋಲಿನ ತಯಾರಿಕೆ 2020ರಲ್ಲೇ ನಿಂತಿದೆ. ಒಮ್ಮೆ ಕೊಂಡವರು ಮತ್ತೆ ಇಳಿಸಿಕೊಳ್ಳುವ ಸೌಲಭ್ಯ 'ಸದ್ಯಕ್ಕೆ' ಮುಂದುವರಿಯುತ್ತದೆ ಎಂದು ಕಂಪನಿ ಹೇಳಿದೆ. ಆದರೆ ಇಳಿಸಿಕೊಳ್ಳಲು ಯಂತ್ರ ಬೇಕಲ್ಲ! ಲ್ಯಾಪ್‌ಟಾಪಿನಲ್ಲಿ ಆ ಪ್ರತಿ ಇಲ್ಲದಿದ್ದರೆ ನನ್ನ ಎರಡು ವರ್ಷದ ಓದು, ಟಿಪ್ಪಣಿ, ಒಂದು ಅಧ್ಯಾಯ, ಎಲ್ಲವೂ ಆ ರಿಬ್ಬನ್ನಿನ ಜೊತೆಗೇ ತುಂಡಾಗುತ್ತಿತ್ತು.

ಈಗ ಪ್ರಶ್ನೆಗೆ ಬರುತ್ತೇನೆ. ಹಣ ಕೊಟ್ಟು ಕೊಂಡದ್ದರ ಒಂದು ಪ್ರತಿಯನ್ನು, ನನ್ನದೇ ಯಂತ್ರದಿಂದ, ನನ್ನ ಓದಿಗಾಗಿ ಮಾಡಿಕೊಂಡ ನಾನು ಯಾಕೆ ದನಿ ತಗ್ಗಿಸಿದೆ?

ಮೊದಲ ಕಾರಣ, 'ಪೈರಸಿ' ಎಂಬ ಒಂದೇ ಪದದ ಚೀಲಕ್ಕೆ ನಾವು ಎಲ್ಲವನ್ನೂ ತುಂಬಿಬಿಟ್ಟಿದ್ದೇವೆ. ಕೊಳ್ಳದೆ ಇಳಿಸಿಕೊಳ್ಳುವುದು, ಇಳಿಸಿಕೊಂಡದ್ದನ್ನು ಸಾವಿರ ಜನಕ್ಕೆ ಹಂಚುವುದು, ಅದರಿಂದ ದುಡ್ಡು ಮಾಡುವುದು, ಕೊಂಡದ್ದನ್ನು ತನಗಾಗಿ ಕಾಪಿಟ್ಟುಕೊಳ್ಳುವುದು ನಾಲ್ಕು ಬೇರೆ ಬೇರೆ ಕೆಲಸಗಳು. ಕನ್ನಡದ ಹೊಸ ಪುಸ್ತಕ ಬಂದ ತಿಂಗಳೊಳಗೆ ಅದರ ಪಿಡಿಎಫ್ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವುದನ್ನು ಕಂಡು ನಾನೂ ಸಿಟ್ಟಾಗಿದ್ದೇನೆ. ಕೆಲವು ನೂರು ಪ್ರತಿ ಅಚ್ಚು ಹಾಕಿಸುವ ಸಣ್ಣ ಪ್ರಕಾಶಕರಿಗೆ ಅದರಿಂದಾಗುವ ನಷ್ಟ ಕಲ್ಪನೆಯದಲ್ಲ. ಅಂಥವರ ವಕಾಲತ್ತನ್ನು ನಾನು ವಹಿಸುತ್ತಿಲ್ಲ. ಆದರೆ ಪುಸ್ತಕ ಕೊಂಡು, ಅದಕ್ಕೆ ರಟ್ಟು ಕಟ್ಟಿಸಿ, ಗೆದ್ದಲು ಹಿಡಿಯದ ಕಪಾಟಿನಲ್ಲಿಟ್ಟವನನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದರೆ ಅದು ನ್ಯಾಯವಲ್ಲ.

ಎರಡನೆಯ ಕಾರಣ, ಕಾನೂನು ನನ್ನ ವಿರುದ್ಧ ಇದೆ ಎಂಬ ಅಂಜಿಕೆ. ಈ ಅಂಜಿಕೆ ಬಂದದ್ದು ಹೆಚ್ಚಾಗಿ ಅಮೆರಿಕದ ಸುದ್ದಿಗಳಿಂದ. ಅಲ್ಲಿಯ 1998ರ ಡಿಎಂಸಿಎ ಕಾಯಿದೆ ಡಿಜಿಟಲ್ ಬೀಗ ಮುರಿಯುವುದನ್ನೇ ಒಂದು ಪ್ರತ್ಯೇಕ ತಪ್ಪಾಗಿ ಮಾಡಿತು. 2024ರಲ್ಲಿ ನಿಂಟೆಂಡೋ ಕಂಪನಿ ಯೂಝು ಎಂಬ ಎಮ್ಯುಲೇಟರಿನ ತಯಾರಕರ ಮೇಲೆ ದಾವೆ ಹೂಡಿತು. ಒಂದೇ ವಾರದ ಆಸುಪಾಸಿನಲ್ಲಿ ಅವರು 24 ಲಕ್ಷ ಡಾಲರ್ ಕೊಡಲು ಒಪ್ಪಿ ಅಂಗಡಿ ಮುಚ್ಚಿದರು. ಕಂಪನಿಯ ದೂರಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಹೊಸ ಜೆಲ್ಡಾ ಆಟವೊಂದು ಬಿಡುಗಡೆಗೆ ಮೊದಲೇ ಸೋರಿ, ಹತ್ತು ಲಕ್ಷಕ್ಕೂ ಹೆಚ್ಚು ಸಲ ಅಕ್ರಮವಾಗಿ ಇಳಿಕೆಯಾಯಿತು ಎಂಬುದು ಅವರ ಆರೋಪವಾಗಿತ್ತು. ಆದರೆ ಆ ರಾಜಿಯ ಜೊತೆಯಲ್ಲೇ, ಅದೇ ಬಳಗದ ಕೈಯಲ್ಲಿದ್ದ ಸಿತ್ರಾ ಎಂಬ 3ಡಿಎಸ್ ಎಮ್ಯುಲೇಟರ್ ಕೂಡ ನಿಂತುಹೋಯಿತು. ಆ ಹೊತ್ತಿಗೆ 3ಡಿಎಸ್ ಅಂಗಡಿ ಮುಚ್ಚಿ ಹೆಚ್ಚುಕಡಿಮೆ ಒಂದು ವರ್ಷವಾಗುತ್ತ ಬಂದಿತ್ತು. ಮಾರಾಟವೇ ಇಲ್ಲದ ಆಟಗಳ ಮಾರಾಟಕ್ಕೆ ಅದು ಯಾವ ಧಕ್ಕೆ ತರುತ್ತಿತ್ತು? ಅದರ ಮೂಲ ಸಂಕೇತ ಎಲ್ಲರಿಗೂ ತೆರೆದಿದ್ದುದರಿಂದ ಬೇರೆಯವರು ಕೆಲಸ ಮುಂದುವರಿಸಿದರು ಎಂಬುದಷ್ಟೇ ಸಮಾಧಾನ. ಎಮ್ಯುಲೇಟರ್ ಮಾಡುವುದೇ ಅಪರಾಧ ಎಂದು ನಂಬಿರುವವರು ಇನ್ನೊಂದನ್ನೂ ತಿಳಿದಿರಬೇಕು. 2000ದಲ್ಲಿ ಸೋನಿ ಮತ್ತು ಕನೆಕ್ಟಿಕ್ಸ್ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೇ, ಪ್ಲೇಸ್ಟೇಷನ್ ಎಮ್ಯುಲೇಟರ್ ತಯಾರಿಸುವ ಸಲುವಾಗಿ ಮಾಡಿದ ನಕಲು ನ್ಯಾಯಯುತ ಬಳಕೆ ಎಂದು ಹೇಳಿತ್ತು.

ಇರಲಿ, ನಾನಿರುವುದು ಇಲ್ಲಿ. ಇಲ್ಲಿಯ ಕಾನೂನು ಏನನ್ನುತ್ತದೆ? ನಾನು ವಕೀಲನಲ್ಲ, ಆದರೆ ಪಠ್ಯ ಓದುವುದು ನನ್ನ ಕಸುಬು. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್, ಯಾವುದು ಉಲ್ಲಂಘನೆಯಲ್ಲ ಎಂದು ಪಟ್ಟಿ ಮಾಡುತ್ತದೆ. ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿರುವವರು, ಅದು ಕಳೆದುಹೋಗದಂತೆ, ಹಾಳಾಗದಂತೆ ತಾತ್ಕಾಲಿಕ ರಕ್ಷಣೆಗಾಗಿ ಬ್ಯಾಕಪ್ ಮಾಡಿಕೊಳ್ಳಬಹುದು. ಇದು 52(1)(ಎಎ). ತಾನು ಕಾನೂನುಬದ್ಧವಾಗಿ ಪಡೆದ ಪ್ರತಿಯಿಂದ, ವಾಣಿಜ್ಯೇತರ ಸ್ವಂತ ಬಳಕೆಗಾಗಿ, ನಕಲನ್ನೂ ರೂಪಾಂತರವನ್ನೂ ಮಾಡಿಕೊಳ್ಳಬಹುದು. ಇದು 52(1)(ಎಡಿ). ಗಮನಿಸಿ, ಇಲ್ಲಿ 'ಮಾಲೀಕ' ಎಂಬ ಮಾತಿಲ್ಲ. 'ನೀವು ಕೊಂಡದ್ದು ಆಟವನ್ನಲ್ಲ, ಬರೀ ಲೈಸೆನ್ಸನ್ನು' ಎಂದು ಕಂಪನಿಗಳು ಯಾರೂ ಓದದ ಕರಾರಿನಲ್ಲಿ ಬರೆದುಕೊಳ್ಳುತ್ತವಲ್ಲ, ಆ ವಾದ ಇಲ್ಲಿ ಅಷ್ಟು ಸುಲಭವಾಗಿ ನಡೆಯದು. ಕಾಯಿದೆ ಕೇಳುವುದು ಪ್ರತಿ ಸರಿಯಾದ ದಾರಿಯಲ್ಲಿ ಬಂತೇ ಎಂದಷ್ಟೇ. ವಿಡಿಯೋ ಗೇಮ್ ಎಂದರೆ ಬರೀ ಪ್ರೋಗ್ರಾಮಲ್ಲ, ಚಿತ್ರ, ಸಂಗೀತ, ಕಥೆ ಎಲ್ಲ ಇದೆ ಎಂದು ಯಾರಾದರೂ ಅಡ್ಡ ಬಂದರೆ, ಪ್ರೋಗ್ರಾಮಲ್ಲದ ಕೃತಿಗಳಿಗೆ ಸಂಶೋಧನೆಯೂ ಸೇರಿದ ಖಾಸಗಿ ಬಳಕೆಯ ಅವಕಾಶವನ್ನು ಅದೇ ಸೆಕ್ಷನ್ನಿನ ಮೊದಲ ಉಪವಾಕ್ಯ ಕೊಟ್ಟಿದೆ.

ಬೀಗದ ಮಾತೇನು? 2012ರ ತಿದ್ದುಪಡಿ 65ಎ ಸೆಕ್ಷನ್ನನ್ನು ಸೇರಿಸಿತು. ಡಿಜಿಟಲ್ ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಸೆರೆ, ಜೊತೆಗೆ ದಂಡ. ಆದರೆ ಅಲ್ಲೊಂದು ಅಮೂಲ್ಯವಾದ ಷರತ್ತಿದೆ. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದಿರಬೇಕು. ಕಾಯಿದೆ ಸ್ಪಷ್ಟವಾಗಿ ನಿಷೇಧಿಸದ ಕೆಲಸಕ್ಕಾಗಿ ಬೀಗ ತೆಗೆದರೆ ತಪ್ಪಿಲ್ಲ. ಅಮೆರಿಕದ ಕಾಯಿದೆ ಬೀಗವನ್ನು ಕಾಯುತ್ತದೆ, ನಮ್ಮದು ಬೀಗ ತೆಗೆದವನ ಉದ್ದೇಶವನ್ನು ಕೇಳುತ್ತದೆ. ಹೆಮ್ಮೆಪಡಬೇಕಾದ ವ್ಯತ್ಯಾಸವಿದು. ಆದರೂ ನಮ್ಮ ವಿಶ್ವವಿದ್ಯಾಲಯಗಳ ಕಾರಿಡಾರುಗಳಲ್ಲಿ ನಾವು ಅಮೆರಿಕದ ಭಯವನ್ನು ಹೊದ್ದುಕೊಂಡು ಓಡಾಡುತ್ತೇವೆ. ಆಮದು ಮಾಡಿಕೊಂಡ ವಸ್ತುಗಳಲ್ಲಿ ಈ ಭಯದಷ್ಟು ಅಗ್ಗವಾಗಿ ಸಿಕ್ಕದ್ದು ಬೇರೊಂದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಇದು ನನ್ನೊಬ್ಬರ ಲ್ಯಾಪ್‌ಟಾಪಿನ ಕಥೆಯಾಗುತ್ತದೆ. ನಿಜವಾದ ತೊಂದರೆ ಇನ್ನು ಮುಂದಿದೆ. ಕಾನೂನು ನನಗೆ ಕೊಟ್ಟ ಅವಕಾಶ ನನ್ನೊಂದಿಗೇ ಸಾಯುವಂಥದ್ದು. ನಾನು ಈ ಪ್ರತಿಯನ್ನು ಪರೀಕ್ಷಕರಿಗೆ ಕಳಿಸುವಂತಿಲ್ಲ. ವಿಭಾಗದ ಗ್ರಂಥಾಲಯಕ್ಕೆ ಕೊಡುವಂತಿಲ್ಲ. ಸಾರ್ವಜನಿಕ ಗ್ರಂಥಾಲಯಗಳು ಕೃತಿಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಕಾಪಿಡಲು 52(1)(ಎನ್) ಅವಕಾಶ ಕೊಡುತ್ತದೆ, ಆದರೆ ಒಂದು ಷರತ್ತಿನ ಮೇಲೆ: ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಗ್ರಂಥಾಲಯದಲ್ಲಿ ಮೊದಲೇ ಇರಬೇಕು. ಹುಟ್ಟಿನಿಂದಲೇ ಡಿಜಿಟಲ್ ಆಗಿರುವ ಕೃತಿಗೆ ಅಂಥ ಪ್ರತಿ ಎಲ್ಲಿಂದ ಬರಬೇಕು? ಕಾಗದ ಕಂಡರಷ್ಟೇ ಕೈಮುಗಿಯುವ ಕಾನೂನಿದು. 1954ರ ಪುಸ್ತಕ ಮತ್ತು ಪತ್ರಿಕೆಗಳ ಸಲ್ಲಿಕೆ ಕಾಯಿದೆಯ ಪ್ರಕಾರ ನಮ್ಮಲ್ಲಿ ಅಚ್ಚಾದ ಪ್ರತಿ ಪುಸ್ತಕದ ಪ್ರತಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಬೇಕು. ಅಲ್ಲಿಯ 'ಪುಸ್ತಕ' ಎಂಬ ಪದದ ವ್ಯಾಖ್ಯೆ ಅಚ್ಚಿನ ಯುಗದ್ದು. ಒಬ್ಬ ಪುಸ್ತಕಪ್ರೇಮಿಗೆ ತಿಳಿಯುವ ಸತ್ಯ ಶಾಸನಕ್ಕೆ ಇನ್ನೂ ತಿಳಿದಿಲ್ಲ: ಇನ್ನು ಮುಂದೆ ಎಷ್ಟೋ ಕೃತಿಗಳು ಕಾಗದವನ್ನು ಮುಟ್ಟದೆ ಹುಟ್ಟಿ ಕಾಗದವನ್ನು ಮುಟ್ಟದೆ ಸಾಯುತ್ತವೆ.

ಸಾಯುತ್ತಿರುವುದು ಎಷ್ಟು? 2023ರಲ್ಲಿ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮುಂಚೆ ಬಂದ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರುಕಟ್ಟೆಯಲ್ಲಿಲ್ಲ. ಇಂಥ ಆಟಗಳನ್ನು ಸಂಶೋಧಕರು ದೂರದಿಂದಲೇ ನೋಡಲು ಗ್ರಂಥಾಲಯಗಳಿಗೆ ಅನುಮತಿ ಕೊಡಿ ಎಂಬ ಕೋರಿಕೆಯನ್ನು ಅಲ್ಲಿಯ ಕೃತಿಸ್ವಾಮ್ಯ ಕಚೇರಿ 2024ರ ಅಕ್ಟೋಬರಿನಲ್ಲಿ ತಳ್ಳಿಹಾಕಿತು. ಉದ್ಯಮದ ಸಂಘ ಅದನ್ನು ವಿರೋಧಿಸಿತ್ತು. ಅವರ ಭಯ, ಸಂಶೋಧನೆಯ ಹೆಸರಿನಲ್ಲಿ ಜನ ಮಜಕ್ಕಾಗಿ ಆಡಿಬಿಡುತ್ತಾರೆ ಎಂಬುದು. ಇದನ್ನು ಓದಿ ನನಗೆ ನಗು ಬಂತು. ಗ್ರಂಥಾಲಯದಿಂದ ಕಾದಂಬರಿ ತಂದವರು ಅದನ್ನು ಸಂತೋಷಕ್ಕಾಗಿ ಓದಿಬಿಡುತ್ತಾರೆ ಎಂದು ಯಾವ ಗ್ರಂಥಪಾಲಕರಾದರೂ ಬಾಗಿಲು ಹಾಕಿದ್ದುಂಟೇ?

'ಆಟಗಳ ಗೋಳು ನಮಗೇಕೆ, ನಾವು ಪುಸ್ತಕದವರು' ಎನ್ನುವ ಓದುಗರಿಗೆ ಎರಡು ಮಾತು. 2009ರಲ್ಲಿ ಅಮೆಝಾನ್ ತನ್ನ ಗ್ರಾಹಕರ ಕಿಂಡಲ್‌ಗಳಿಂದ ಜಾರ್ಜ್ ಆರ್ವೆಲ್‌ನ '1984' ಕಾದಂಬರಿಯ ಪ್ರತಿಗಳನ್ನು ದೂರದಿಂದಲೇ ಅಳಿಸಿಹಾಕಿತು. ಮಾರಿದವರಿಗೆ ಅದರ ಹಕ್ಕಿರಲಿಲ್ಲ ಎಂಬುದು ಕಾರಣ. ಹಣ ಮರಳಿಸಿತು, ಕ್ಷಮೆಯನ್ನೂ ಕೇಳಿತು. ಆದರೆ ಮನೆಯೊಳಗಿನ ಕಪಾಟಿಗೆ ಅಂಗಡಿಯವನ ಕೈ ಎಟಕುತ್ತದೆ ಎಂಬುದು ಅಂದು ಎಲ್ಲರಿಗೂ ಗೊತ್ತಾಯಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಅಂಗಡಿ ಮುಚ್ಚಿದಾಗ ಜನ ಕೊಂಡ ಪುಸ್ತಕಗಳೂ ಮಾಯವಾದವು. ಅಲ್ಲೂ ಹಣ ಮರಳಿತು. ಅಂಚಿನಲ್ಲಿ ಬರೆದ ಟಿಪ್ಪಣಿಗೆ ಬೆಲೆ ಕಟ್ಟುವವರು ಯಾರು? ಈಗ ಕನ್ನಡದಲ್ಲೂ ಇ-ಪುಸ್ತಕ, ಕೇಳುಪುಸ್ತಕಗಳು ಆ್ಯಪ್‌ಗಳೊಳಗೆ ಬರುತ್ತಿವೆ. ಸಂತೋಷ. ಆದರೆ ಆ್ಯಪ್ ನಿಂತ ದಿನ ನಾವು ಕೊಂಡದ್ದು ಎಲ್ಲಿರುತ್ತದೆ ಎಂದು ಕೊಳ್ಳುವ ಮುಂಚೆ ಕೇಳಿದವರು ನಮ್ಮಲ್ಲಿ ಎಷ್ಟು ಜನ? ಆಟದವರ ಮನೆಗೆ ಇಂದು ಬಿದ್ದ ಬೆಂಕಿ ನಮ್ಮ ಮನೆಯ ಸೂರಿಗೂ ತಾಗಿಕೊಂಡೇ ಇದೆ.

ಹಳಗನ್ನಡ ಓದಿದ ನಮಗೆ ಪ್ರತಿ ಮಾಡುವುದರ ಮರ್ಯಾದೆ ಗೊತ್ತಿರಬೇಕಿತ್ತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಅತ್ತಿಮಬ್ಬೆಯನ್ನು ನಾವು ದಾನಚಿಂತಾಮಣಿ ಎಂದು ಕರೆದೆವು. ಶಾಮಶಾಸ್ತ್ರಿಗಳು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಕಂಡು 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದ ಓಲೆ ಕೌಟಿಲ್ಯನ ಕೈಬರಹವಾಗಿರಲಿಲ್ಲ, ಪ್ರತಿಗಳ ಪ್ರತಿಯಾಗಿತ್ತು. ನಮ್ಮ ಗ್ರಂಥಸಂಪಾದನೆಯ ಶಾಸ್ತ್ರವೆಲ್ಲ ನಿಂತಿರುವುದು ಹೆಸರಿಲ್ಲದ ಲಿಪಿಕಾರರ ಬೆನ್ನಿನ ಮೇಲೆ. ಆಗ ಕೃತಿಸ್ವಾಮ್ಯವಿರಲಿಲ್ಲ, ಈಗ ಇದೆ, ಇರಬೇಕು. ಬರೆದವರು ಉಣ್ಣಬೇಕು. ಆದರೆ ಬರೆದವರಿಗೂ ಈಗ ಇದರಿಂದ ಒಂದು ಕಾಸೂ ಹುಟ್ಟುತ್ತಿಲ್ಲ, ಓದುವವರಿಗೂ ಸಿಗುತ್ತಿಲ್ಲ. ಹೀಗಿರುವಾಗ ಆ ಬೀಗ ಕಾಯುತ್ತಿರುವುದು ಯಾರನ್ನು?

ಆದ್ದರಿಂದ ನನ್ನ ಬೇಡಿಕೆಗಳು ಸಣ್ಣವು, ನೇರವಾದವು. ಡಿಜಿಟಲ್ ಅಂಗಡಿ ಮುಚ್ಚುವವರು, ಕೊಂಡವರಿಗೆ ಬೀಗವಿಲ್ಲದ ಒಂದು ಪ್ರತಿ ಕೊಟ್ಟು ಮುಚ್ಚಲಿ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಜಾರಿಯಲ್ಲಿರುವ ಕಾಯಿದೆ, ಮಾರುವುದು ಬರೀ ಲೈಸೆನ್ಸಾದರೆ ಹಾಗೆಂದು ಸ್ಪಷ್ಟವಾಗಿ ಹೇಳಬೇಕು ಎನ್ನುತ್ತದೆ. ನಮ್ಮಲ್ಲೂ ಕನಿಷ್ಠ ಅಷ್ಟಾದರೂ ಆಗಲಿ. 'ಕೊಳ್ಳಿ' ಎಂಬ ಗುಂಡಿ ಒತ್ತಿಸಿ ಬಾಡಿಗೆ ಚೀಟಿ ಕೊಡುವುದು ನಿಲ್ಲಲಿ. 52(1)(ಎನ್)ನಲ್ಲಿರುವ ಕಾಗದದ ಷರತ್ತು ಹೋಗಲಿ. ಗ್ರಂಥಾಲಯ ನ್ಯಾಯವಾಗಿ ಪಡೆದ ಯಾವುದೇ ಪ್ರತಿಯನ್ನು ಕಾಪಿಡಲಿ, ತನ್ನ ಕಟ್ಟಡದೊಳಗೆ ಓದುಗರಿಗೆ ತೋರಿಸಲಿ. ಅದಕ್ಕಿಂತ ಮೊದಲು ನಮ್ಮ ವಿಭಾಗಗಳು ಒಂದು ಕೆಲಸ ಮಾಡಬಹುದು, ಅದಕ್ಕೆ ಸಂಸತ್ತು ಬೇಕಿಲ್ಲ. ವಿದ್ಯಾರ್ಥಿ ತನ್ನ ಆಕರವನ್ನು ಹೇಗೆ ಉಳಿಸಿಕೊಂಡ ಎಂಬುದನ್ನು ತಲೆ ತಗ್ಗಿಸದೆ ಬರೆಯಲು ಅವಕಾಶ ಕೊಡಬಹುದು.

ನಾನಂತೂ ಬರೆದಿದ್ದೇನೆ. ಆ ಅಧ್ಯಾಯದ ಕೊನೆಗೆ ಒಂದು ಪುಟ ಸೇರಿಸಿ, ಆಟವನ್ನು ಹೇಗೆ ಕೊಂಡದ್ದು, ಯಾವ ತಿಂಗಳು ಪ್ರತಿ ಮಾಡಿದ್ದು, ಎಮ್ಯುಲೇಟರಿನಲ್ಲಿ ಮೂಲಕ್ಕಿಂತ ಏನೇನು ಬೇರೆಯಾಗಿ ಕಾಣುತ್ತದೆ (ಕನ್ನಡಕವಿಲ್ಲದೆ ಕಾಣುತ್ತಿದ್ದ ಆ ಮೂರು ಆಯಾಮದ ಆಳ ನನ್ನ ಲ್ಯಾಪ್‌ಟಾಪಿನಲ್ಲಿಲ್ಲ) ಎಂದೆಲ್ಲ ಪಾಠಾಂತರದ ಟಿಪ್ಪಣಿಯ ಹಾಗೆ ದಾಖಲಿಸಿದೆ. ಕರಡು ತಿದ್ದಿ ಕೊಟ್ಟ ನನ್ನ ಮಾರ್ಗದರ್ಶಕರು ಆ ಪುಟದ ಪಕ್ಕ ಪೆನ್ಸಿಲಿನಲ್ಲಿ, 'ಇದು ಇಲ್ಲಿ ಬೇಕೇ?' ಎಂದು ಬರೆದಿದ್ದರು. ಅದರ ಕೆಳಗೆ ನಾನು 'ಬೇಕು' ಎಂದು ಬರೆದು ವಾಪಸು ಕೊಟ್ಟಿದ್ದೇನೆ. ಅವರು ಇನ್ನೂ ಏನೂ ಹೇಳಿಲ್ಲ.